ಪಿ.ಬಿ. ರೋಡಿನ ಬದಿಯ ಆರು ಖೋಲಿ

(ಹಾವೇರಿಯಲ್ಲಿ ಊರಿನ ಇತಿಹಾಸದ ಬಗ್ಗೆ ಸೇರಿದ್ದ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ತಕ್ಕಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ಸಲ ಇಲ್ಲಿ ಹಾನಗಲ್ಲಿನ ಕದಂಬರ ಬಗ್ಗೆ ಮಾತಾಡಿದವರ ಹತ್ತಿರ ಶಾಸನಗಳಿದ್ದವು. ನನ್ನ ಹತ್ತಿರ ಇರುವುದು ಲಾಡ್ಜಿನ ರಿಜಿಸ್ಟರುಗಳು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಹಾಳೆಯ ಮೂಲೆಗೆಲ್ಲ ಎಣ್ಣೆ ಬೆರಳಿನ ಗುರುತು. ಆರು ಖೋಲಿಯ ಲಾಡ್ಜಿಗೂ ಒಂದು ಇತಿಹಾಸವಾ ಅಂತ ನಮ್ಮ ಮನೆಯಲ್ಲೇ ನಕ್ಕರು. ನಗಲಿ ಬಿಡಿ.

ಲಾಡ್ಜು ನಮ್ಮ ಅಜ್ಜ ಕಟ್ಟಿಸಿದ್ದು. ಹಾವೇರಿ ದಾಟಿ ಮೋಟೆಬೆನ್ನೂರಿನ ಕಡೆ ಹೊರಟರೆ ರಸ್ತೆಯ ಬದಿಗೇ ಸಿಗುತ್ತದೆ. ಮುಂದೆ ಖಾನಾವಳಿ, ಹಿಂದೆ ಸಾಲಾಗಿ ಆರು ಖೋಲಿ, ಅದರ ಹಿಂದೆ ನಮ್ಮ ಮನೆ. ಮೂರು ತಲೆಮಾರು ಈ ಜಾಗದಲ್ಲೇ ಓಡಾಡಿಕೊಂಡು ಬದುಕಿದೆ.

ಮೊದಲು ರಸ್ತೆಯ ಮಾತು. ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ, ಧಾರವಾಡ, ಆ ಕಡೆ ದಾವಣಗೆರೆ, ಎಲ್ಲ ಊರಲ್ಲೂ ಒಂದು ಪಿ.ಬಿ. ರೋಡ್ ಇದೆ. ಎಲ್ಲ ಒಂದೇ ರಸ್ತೆಯ ತುಂಡುಗಳು, ಪೂನಾ-ಬೆಂಗಳೂರು ರಸ್ತೆ. ಅದಕ್ಕೂ ಮೊದಲು ಬ್ರಿಟಿಷರ ಕಾಗದಪತ್ರಗಳಲ್ಲಿ ಇದು ಪೂನಾ-ಹರಿಹರ ರಸ್ತೆ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನ. ಅವರ ಲೆಕ್ಕದಲ್ಲಿ ರಸ್ತೆ ಹೊಳೆಯ ಹತ್ತಿರವೇ ಮುಗಿಯುತ್ತಿತ್ತು.

ಆ ಕಾಲದಲ್ಲಿ ನಮ್ಮ ಸೀಮೆಯ ದೊಡ್ಡ ಸರಕು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು, ನಮ್ಮ ಹತ್ತಿಗೆ ಬೆಲೆ ಬಂತು. ಚಕ್ಕಡಿಗಳು ಸಾಲುಗಟ್ಟಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಹೊರೆ ತುಂಬಿದ ಚಕ್ಕಡಿ ದಿನಕ್ಕೆ ಹತ್ತು ಹದಿನೈದು ಮೈಲಿ ನಡೆದರೆ ಹೆಚ್ಚು. ರಾತ್ರಿ ಎಲ್ಲಾದರೂ ನಿಲ್ಲಲೇಬೇಕು. ಗುಡಿ, ಮಠ, ಧರ್ಮಸಾಲಿ, ಇಲ್ಲಾ ಒಂದು ಹುಣಸೆ ಮರ. ಸಾಹೇಬರಿಗೆ ಬಂಗಲೆ ಇತ್ತು. ಉಳಿದವರು ಮಲಗುವುದಕ್ಕೆ ದುಡ್ಡು ಕೊಡುತ್ತಿರಲಿಲ್ಲ, ತೆಗೆದುಕೊಳ್ಳುವವರೂ ಇರಲಿಲ್ಲ. ಎತ್ತಿಗೆ ನೀರು ಸಿಕ್ಕರೆ ಸಾಕು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹತ್ತಿಯನ್ನೆಲ್ಲ ಎಳೆದುಕೊಂಡಿತು. ರಸ್ತೆಯ ವ್ಯಾಪಾರಕ್ಕೆ ಮತ್ತೆ ಜೀವ ಬಂದದ್ದು ಲಾರಿ, ಬಸ್ಸು ಬಂದ ಮೇಲೆ.

ಅಜ್ಜ ಶುರು ಮಾಡಿದ್ದು ಚಹಾದ ಅಂಗಡಿ. ಆಮೇಲೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಅಂಗಡಿಯ ಮುಂದೆ ನಾಲ್ಕೈದು ಹೊರಸು ಹಾಕಿಟ್ಟಿದ್ದರು. ಲಾರಿ ಮಂದಿ ಉಂಡು ಅಲ್ಲೇ ಅಡ್ಡಾಗುತ್ತಿದ್ದರು. ಹೊರಸಿಗೆ ಬಾಡಿಗೆ ಇಲ್ಲ, ಊಟಕ್ಕೆ ಮಾತ್ರ ದುಡ್ಡು. ಇದು ಧರ್ಮ ಅಂತ ಅಜ್ಜ ಹೇಳಿಕೊಳ್ಳುತ್ತಿದ್ದರು, ಆದರೆ ಅದು ಪಕ್ಕಾ ವ್ಯಾಪಾರ. ಮಲಗಿದವನು ಎದ್ದ ಮೇಲೆ ಚಹಾ ಕುಡಿಯದೆ ಹೋಗುತ್ತಾನಾ?

ಹಾಗಿದ್ದರೆ ಖೋಲಿ ಯಾಕೆ ಕಟ್ಟಿಸಿದರು? ಲಾರಿ ಡ್ರೈವರುಗಳಿಗೆ ಅಂತ ನೀವು ಅಂದುಕೊಂಡಿರಬಹುದು. ಲಾರಿ ಡ್ರೈವರ್ ಖೋಲಿ ಹಿಡಿಯುವುದಿಲ್ಲ. ಮಾಲು ಬಿಟ್ಟು ಅವನು ದೂರ ಹೋಗುವ ಹಾಗಿಲ್ಲ. ಕ್ಯಾಬಿನ್ನಿನಲ್ಲಿ ಅವನು, ತಾಡಪತ್ರಿಯ ಮೇಲೆ ಕ್ಲೀನರ್. ಖೋಲಿ ಬೇಕಾದದ್ದು ಬಸ್ಸಿನವರಿಗೆ. ರಾತ್ರಿ ಹನ್ನೊಂದಕ್ಕೋ ಒಂದಕ್ಕೋ ಬೆಂಗಳೂರಿನ ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು. ಬ್ಯಾಡಗಿ ಕಡೆಯ ಹಳ್ಳಿಗಳಿಗೆ ಬೆಳಗಿನವರೆಗೆ ಗಾಡಿ ಇಲ್ಲ. ಟ್ರಂಕು, ಮಕ್ಕಳು, ಮಳೆ. ಅಂಥವರನ್ನು ಹೊರಸಿನ ಮೇಲೆ ಮಲಗಿಸಲು ಆಗುತ್ತಾ?

ನನ್ನ ಇಡೀ ಮಾತಿನ ತಿರುಳೂ ಇದೇ. ನಮ್ಮ ಲಾಡ್ಜಿಗೆ ಯಾರೂ ಇಷ್ಟಪಟ್ಟು ಬರಲಿಲ್ಲ. ಬಸ್ಸು ತಪ್ಪಿತು, ಗಾಡಿ ಕೆಟ್ಟಿತು, ಕೋರ್ಟಿನ ತಾರೀಖು ಮುಂದೆ ಹೋಯಿತು, ಹಳ್ಳ ಬಂತು. ಮುಂದೆ ಹೋಗಲು ಆಗದವರು ಮಾತ್ರ ಬಂದರು. ಬೇರೆಯವರ ಅಡಚಣೆಯ ಮೇಲೆ ನಮ್ಮ ಮನೆ ನಡೆಯಿತು. ಇದು ಕೇಳಲು ಚೆಂದ ಇಲ್ಲ, ನಮ್ಮಪ್ಪನಿಗಂತೂ ಈ ಮಾತು ಇಷ್ಟವಾಗಲಿಲ್ಲ. ಆದರೆ ರಿಜಿಸ್ಟರು ಅದನ್ನೇ ಹೇಳುತ್ತದೆ.

ಕಟ್ಟಡದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆರೂ ಖೋಲಿ ಒಂದೇ ಸಲ ಎದ್ದವಲ್ಲ. ದುಡ್ಡು ಕೂಡಿದ ಹಾಗೆ ಎರಡೆರಡು. ಮೊದಲ ಎರಡಕ್ಕೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು. ನಡುವಿನ ಎರಡು ಇಟ್ಟಿಗೆಯವು. ಕೊನೆಯ ಎರಡಕ್ಕೆ ಆರ್‌ಸಿಸಿ. ಏಪ್ರಿಲ್‌ನಲ್ಲಿ ಆ ಆರ್‌ಸಿಸಿ ಖೋಲಿಯೊಳಗೆ ಕೂರುವುದೇ ಕಷ್ಟ, ಆದರೂ ಹೊಸ ರೂಮು ಅಂತ ಬಾಡಿಗೆ ಜಾಸ್ತಿ. ಹಳೇ ಗಿರಾಕಿಗಳು ಜಾಣರು, ಒಂದನೇ ನಂಬರನ್ನೇ ಕೇಳಿ ಪಡೆಯುತ್ತಿದ್ದರು. ಸ್ನಾನಕ್ಕೆ ಹಿತ್ತಲಿನ ಹಂಡೆ ನೀರು. ಒಬ್ಬೊಬ್ಬರಿಗೆ ಒಂದು ಬಕೆಟ್. ಎರಡನೇ ಬಕೆಟ್ ಕೇಳಿದರೆ ಅಜ್ಜ ಕಿವಿ ಕೇಳದವರ ಹಾಗೆ ಇರುತ್ತಿದ್ದರು.

ಇನ್ನು ರಿಜಿಸ್ಟರು. ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ, ಬಂದ ಹೊತ್ತು, ಬಿಟ್ಟ ಹೊತ್ತು, ಸಹಿ. ಆಗಾಗ ಪೊಲೀಸರು ಬಂದು ನೋಡಿ ಕೆಳಗೆ ಒಂದು ಗೀಟು ಹಾಕಿ ಸಹಿ ಮಾಡುತ್ತಿದ್ದರು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಬರೆದ ಸಿ-ಫಾರ್ಮ್ ಸರಕಾರಕ್ಕೆ ಕೊಡಬೇಕು ಅನ್ನೋ ನಿಯಮ ದೊಡ್ಡ ಹೋಟೆಲಿಗೆ ಮಾತ್ರ ಅಲ್ಲ, ನಮ್ಮಂಥವರಿಗೂ ಇತ್ತು. ಸೈಕಲ್ ಮೇಲೆ ಹೊರಟಿದ್ದ ಒಬ್ಬ ಬಿಳಿ ಹುಡುಗ ಒಂದು ರಾತ್ರಿ ಬಂದಾಗ ಆ ಫಾರ್ಮ್ ಎಲ್ಲಿ ಸಿಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಊರೆಲ್ಲ ಸುತ್ತಿ ಬಂದರು. ಹುಡುಗ ಅಷ್ಟು ಹೊತ್ತೂ ಮಲಗಿದ್ದ.

ನನಗೆ ಬಹಳ ಹಿಡಿಸಿದ ಕಾಲಂ ಉದ್ದೇಶದ್ದು. ಜನ ಅಲ್ಲಿ ಸುಳ್ಳು ಬರೆಯುವುದು ಕಡಿಮೆ, ಬರೆಯುವುದೇ ಬೇಜಾರಿನ ಕೆಲಸ ನೋಡಿ. ‘ಗಾಡಿ ದುರಸ್ತಿ.’ ‘ಕೋರ್ಟ್.’ ‘ಕನ್ಯಾ ನೋಡಲಿಕ್ಕೆ.’ ‘ದವಾಖಾನಿ.’ ಒಬ್ಬರು ‘ಮಳಿ’ ಅಂತಷ್ಟೇ ಬರೆದಿದ್ದಾರೆ. 1997ರವರೆಗೆ ‘ಧಾರವಾಡ ಕಚೇರಿ ಕೆಲಸ’ ಅನ್ನುವುದು ಪದೇ ಪದೇ ಬರುತ್ತದೆ. ಹಾವೇರಿ, ಗದಗ ಆಗ ಧಾರವಾಡ ಜಿಲ್ಲೆಯ ತಾಲೂಕುಗಳು. ಹಿರೇಕೆರೂರು ಕಡೆಯ ಹಳ್ಳಿಯವನು ಡಿಸಿ ಆಫೀಸಿಗೆ ಹೋಗಬೇಕಾದರೆ ಒಂದು ದಿನ ಹೋಗಲು, ಒಂದು ದಿನ ಕಾಯಲು, ಒಂದು ದಿನ ಬರಲು. ವಾಪಸು ಬರುವಾಗ ಕ್ರಾಸಿನಲ್ಲಿ ಕತ್ತಲಾದರೆ ನಮ್ಮ ಖೋಲಿ. 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. ಅದಾದ ಮೇಲಿನ ಪುಸ್ತಕಗಳಲ್ಲಿ ಈ ಉದ್ದೇಶ ಕಡಿಮೆಯಾಗುತ್ತಾ ಬಂದು, ಕಡೆಗೆ ಇಲ್ಲವೇ ಇಲ್ಲ. ಊರಲ್ಲಿ ಪಟಾಕಿ ಹೊಡೆದರು. ನಮ್ಮ ಗಲ್ಲಾದಲ್ಲಿ ಅದರ ಪೆಟ್ಟು ಕಂಡಿತು.

ಶ್ರಾವಣದಲ್ಲಿ ಬೇರೆ ಗಿರಾಕಿ. ಕದರಮಂಡಲಗಿ ಕಾಂತೇಶ, ಸಾತೇನಹಳ್ಳಿ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಹನುಮಪ್ಪಗಳ ದರ್ಶನವನ್ನು ಒಂದೇ ದಿನ ಹೊತ್ತು ಮುಳುಗುವುದರೊಳಗೆ ಮುಗಿಸಿದರೆ ಪುಣ್ಯ ಅಂತ ನಂಬಿಕೆ. ದೂರದವರು ಶುಕ್ರವಾರ ರಾತ್ರಿಯೇ ಬಂದು ಮಲಗಿ, ನಸುಕಿನಲ್ಲಿ ತಣ್ಣೀರು ಸುರಿದುಕೊಂಡು ಕದರಮಂಡಲಗಿಗೆ ಹೊರಡುತ್ತಿದ್ದರು. ಆ ರಾತ್ರಿ ಅಡುಗೆಯಲ್ಲಿ ಉಳ್ಳಾಗಡ್ಡಿ ಇಲ್ಲ.

ಆದರೆ ನಮ್ಮನ್ನು ಸಾಕಿದ್ದು ಮೆಣಸಿನಕಾಯಿ. ಬ್ಯಾಡಗಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಸುಗ್ಗಿಯಲ್ಲಿ ಭಾನುವಾರ ಮತ್ತು ಬುಧವಾರ ರಾತ್ರಿ ಆರೂ ಖೋಲಿ ಭರ್ತಿ, ವರಾಂಡದಲ್ಲೂ ಮಂದಿ. ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಚೀಲ ಬರುತ್ತಿದ್ದವು. ಬ್ಯಾಡಗಿ ಕಾಯಿಯ ಗುಣ ನಿಮಗೆ ಗೊತ್ತೇ ಇದೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. 2011ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಸೀಮೆಯದೇ ಮಾಲು ಅನ್ನೋ ಅಧಿಕೃತ ಗುರುತೂ ಸಿಕ್ಕಿತು. ಆ ಬಣ್ಣ ನಮ್ಮ ಚಾದರಕ್ಕೂ ಹತ್ತುತ್ತಿತ್ತು. ವ್ಯಾಪಾರಿಯ ತಲೆ, ಕೈ, ಅಂಗಿಯಲ್ಲೆಲ್ಲ ಕಾಯಿಯ ಧೂಳು. ಬೆಳಗ್ಗೆ ದಿಂಬಿನ ಮೇಲೆ ತಲೆಯ ಆಕಾರದಲ್ಲಿ ಒಂದು ಕೇಸರಿ ಗುರುತು. ಹಾಸಿಗೆ ಕೊಡವಿದರೆ ಮನೆಯವರೆಲ್ಲ ಸೀನುತ್ತಿದ್ದೆವು.

ಅಜ್ಜಿ ಮೊದಲು ಬಿಳಿ ಚಾದರ ತರಿಸಿದ್ದರಂತೆ. ಒಂದು ಸುಗ್ಗಿಗೆ ಅದರ ಕಥೆ ಮುಗಿಯಿತು. ಆಮೇಲೆ ಕೆಂಪು ಚೌಕಳಿಯವು ಬಂದವು. ದಿಂಬಿನ ಚೀಲಕ್ಕೆ ಮಾತ್ರ ಅವರು ಬಿಳಿ ಬಿಡಲಿಲ್ಲ, ಬಿಳಿ ಇಲ್ಲದಿದ್ದರೆ ಸ್ವಚ್ಛ ಇದೆ ಅಂತ ಗಿರಾಕಿ ನಂಬಲ್ಲ ಅನ್ನುವುದು ಅವರ ಲೆಕ್ಕ. ಕಲೆ ತೆಗೆಯುವ ದಾರಿಯನ್ನೂ ಅವರೇ ಕಂಡುಕೊಂಡಿದ್ದರು. ಸೋಪಿಗೆ ಬಗ್ಗದ ಮೆಣಸಿನಕಾಯಿ ಕಲೆ ಬಿಸಿಲಿಗೆ ಬಗ್ಗುತ್ತದೆ. ಮೊದಲು ಚೂರು ಎಣ್ಣೆ ತಿಕ್ಕಬೇಕು, ಸೋಪು ಹಚ್ಚಿ ಒಗೆಯಬೇಕು, ಆಮೇಲೆ ಒದ್ದೆ ಇರುವಾಗಲೇ ಕಲೆಯ ಬದಿ ಮೇಲೆ ಮಾಡಿ ನೆತ್ತಿಯ ಬಿಸಿಲಿಗೆ ಹರವಬೇಕು. ಸಂಜೆಯಷ್ಟೊತ್ತಿಗೆ ಬಣ್ಣ ತಾನೇ ಹಾರಿರುತ್ತದೆ. ಮೆಣಸಿನಕಾಯಿಯ ಕೆಂಪು ಬೆಳಕಿಗೆ ತಡೆಯುವುದಿಲ್ಲ. ಅದಕ್ಕೇ ವ್ಯಾಪಾರಿಗಳು ಬಣ್ಣ ಉಳಿಯಲಿ ಅಂತ ಚೀಲಗಳನ್ನು ಕೋಲ್ಡ್ ಸ್ಟೋರೇಜಿನ ಕತ್ತಲಲ್ಲಿ ಇಡುತ್ತಾರೆ. ಅಜ್ಜಿ ಅದೇ ಬಣ್ಣ ಹೋಗಲಿ ಅಂತ ಬಿಸಿಲಿಗೆ ಹಾಕುತ್ತಿದ್ದರು.

ಈ ಅಜ್ಜಿಯ ಹೆಸರು ಲಾಡ್ಜಿನ ಯಾವ ಪುಸ್ತಕದಲ್ಲೂ ಇಲ್ಲ. ಲೈಸೆನ್ಸು ಅಜ್ಜನದು, ಗಲ್ಲಾ ಅಜ್ಜನದು. ರೊಟ್ಟಿ ಬಡಿದದ್ದು, ಚಾದರ ಒಗೆದದ್ದು, ಹಂಡೆಗೆ ಉರಿ ಹಾಕಿದ್ದು ಅವರು ಮತ್ತು ಓಣಿಯ ಒಂದಿಬ್ಬರು ಹೆಣ್ಣುಮಕ್ಕಳು. ಪುಸ್ತಕದಲ್ಲಿ ಇಲ್ಲದ ಇನ್ನೊಂದು ಸಂಗತಿಯೂ ಇದೆ. ಒಂಟಿ ಹೆಣ್ಣುಮಗಳಿಗೆ ಖೋಲಿ ಕೊಡಬಾರದು ಅಂತ ಅಜ್ಜನ ಕಟ್ಟಪ್ಪಣೆ. ಹಾಗಂತ ರಾತ್ರಿ ಹೊತ್ತು ವಾಪಸು ಕಳಿಸಲೂ ಆಗಲ್ಲ ಅಲ್ವಾ? ಅಂಥವರು ಹಿಂದಿನ ಮನೆಯಲ್ಲಿ ಅಜ್ಜಿಯ ಬಾಜೂಕ ಮಲಗಿ ಬೆಳಗ್ಗೆ ಎದ್ದು ಹೋಗುತ್ತಿದ್ದರು. ಬಾಡಿಗೆ ಇಲ್ಲ, ರಿಜಿಸ್ಟರಿನಲ್ಲಿ ಹೆಸರೂ ಇಲ್ಲ. ಎಂಥ ಒಳ್ಳೆಯ ಮನಸ್ಸು ಅಂತ ಕೆಲವರು ಅನ್ನುತ್ತಾರೆ. ನನಗೆ ಅಷ್ಟು ಸಲೀಸಾಗಿ ಒಪ್ಪಲು ಆಗುವುದಿಲ್ಲ. ತನ್ನ ದುಡ್ಡು ಕೊಟ್ಟು ಬಾಗಿಲು ಹಾಕಿಕೊಂಡು ಮಲಗಲು ಬಂದವಳಿಗೆ ಅಡುಗೆಮನೆ ತೋರಿಸಿದ್ದು ಅದು. ಆ ನಿಯಮ ಅಪ್ಪನ ಕಾಲದಲ್ಲೂ ಬಹಳ ವರ್ಷ ನಡೆಯಿತು. ನಿಂತದ್ದು ನಮ್ಮವ್ವ ಗಲ್ಲಾದ ಮೇಲೆ ಕೂತ ಮೇಲೆ.

ಈಗ ರಸ್ತೆ ಅಗಲವಾದ ಕಥೆ. 1998ರಲ್ಲಿ ವಾಜಪೇಯಿಯವರು ಸುವರ್ಣ ಚತುಷ್ಪಥ ಅಂತ ಘೋಷಿಸಿದರು. ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ 5,846 ಕಿಲೋಮೀಟರ್ ರಸ್ತೆ. ಅದರ ಮುಂಬೈ-ಚೆನ್ನೈ ಭಾಗ ನಮ್ಮ ಖಾನಾವಳಿಯ ಮುಂದೆಯೇ ಹಾದುಹೋಗಬೇಕಿತ್ತು. ಭೂಸ್ವಾಧೀನದ ನೋಟಿಸು ಬಂತು. ವರಾಂಡ ಹೋಯಿತು, ಬೋರ್ಡು ಹೋಯಿತು, ಸಾಲು ಹುಣಸೆ ಮರಗಳು ಹೋದವು. ಪರಿಹಾರದ ಲೆಕ್ಕದಲ್ಲಿ ಜಾಗಕ್ಕೆ ದುಡ್ಡು ಇತ್ತು, ಮರದ ನೆರಳಿಗೆ ನಿಲ್ಲುತ್ತಿದ್ದ ಲಾರಿಗಳಿಗೆ ಇರಲಿಲ್ಲ.

ತಮಾಷೆ ಏನು ಗೊತ್ತಾ? ಕೆಲಸ ನಡೆದ ವರ್ಷಗಳೇ ನಮ್ಮ ಅತ್ಯಂತ ಒಳ್ಳೆಯ ವರ್ಷಗಳು. ರಸ್ತೆ ಅಗೆದು ಹಾಕಿದ್ದರು. ಡೈವರ್ಷನ್ ಮೇಲೆ ಡೈವರ್ಷನ್. ಆಕ್ಸಲ್ ಮುರಿದವರು, ಟೈರು ಸೀಳಿದವರು, ಬಸ್ಸು ತಡವಾದವರು, ಕೆಲಸದ ಸೂಪರ್‌ವೈಸರುಗಳು, ರೋಲರ್ ಓಡಿಸುವವರು. ಒಂದು ಖೋಲಿಯೂ ಖಾಲಿ ಇರುತ್ತಿರಲಿಲ್ಲ. ಇದು ಹೀಗೇ ಮುಂದುವರಿಯುತ್ತದೆ ಅಂದುಕೊಂಡು ಅಪ್ಪ ಏಳನೇ ಖೋಲಿಗೆ ಬುನಾದಿ ತೋಡಿಸಿದರು. ಆ ಬುನಾದಿಯಲ್ಲಿ ಈಗ ಬಾಳೆ ಬೆಳೆದಿದೆ.

ರಸ್ತೆ ಮುಗಿದ ಮೇಲೆ ಹೊಡೆತ ಬಿದ್ದದ್ದು ಡಿವೈಡರಿನಿಂದ. ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಡಿವೈಡರಿನ ಬಗ್ಗೆ ಯಾರೂ ಮಾತಾಡಲ್ಲ. ಮೊದಲು ಎರಡೂ ಕಡೆಯ ಗಾಡಿ ನಿಲ್ಲುತ್ತಿತ್ತು. ಈಗ ಹುಬ್ಬಳ್ಳಿ ಕಡೆಯಿಂದ ಬರುವವನಿಗೆ ಮಾತ್ರ ನಾವು ಎಡಕ್ಕೆ ಸಿಗುತ್ತೇವೆ. ಬೆಂಗಳೂರಿನಿಂದ ಬರುವವನಿಗೆ ನಮ್ಮ ಬೋರ್ಡು ಕಾಣುತ್ತದೆ, ಒಗ್ಗರಣೆ ವಾಸನೆಯೂ ಬರುತ್ತದೆ. ಬರಬೇಕಾದರೆ ಮುಂದೆ ಹೋಗಿ ತಿರುಗಿ ಬರಬೇಕು. ಯಾರು ಬರುತ್ತಾರೆ? ಒಂದೇ ಏಟಿಗೆ ಅರ್ಧ ಗಿರಾಕಿ ಹೋದರು. ಎದುರುಗಡೆ ಒಂದು ಚಹಾದ ಅಂಗಡಿ ಹಾಕೋಣ ಅಂತ ಅಪ್ಪ ಸ್ವಲ್ಪ ದಿನ ಓಡಾಡಿದರು, ಆಗಲಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ಕಥೆ ಬೇರೆ ರೀತಿ ನಡೆಯಿತು. ಅಲ್ಲಿ ಬೈಪಾಸ್ ಬಂದು, ದೂರದ ಗಾಡಿಗಳು ಊರೊಳಗಿನ ಪಿ.ಬಿ. ರೋಡಿಗೆ ಬರುವುದನ್ನೇ ಬಿಟ್ಟವು. ಗಬ್ಬೂರಿನಿಂದ ನರೇಂದ್ರದವರೆಗೆ ಹೊರಗಿನಿಂದಲೇ ಹೋಗಿಬಿಡಬಹುದು. ಒಳಗಿನ ರಸ್ತೆಯ ನಡುವಿನಲ್ಲಿ 2018ರಿಂದ ಚಿಗರಿ ಅನ್ನೋ ಊರೊಳಗಿನ ಬಸ್ಸು ತನ್ನದೇ ಪಥದಲ್ಲಿ ಓಡುತ್ತಿದೆ. ಊರಿನವರಿಗೆ ಒಳ್ಳೆಯದೇ ಆಯಿತು. ಆದರೆ ಆ ರಸ್ತೆಯ ಹಳೇ ಲಾಡ್ಜುಗಳ ಮುಂದೆ ಗಾಡಿ ನಿಲ್ಲಿಸುವ ಜಾಗವೇ ಇಲ್ಲ. ಇದರ ನಡುವೆ 2010ರಲ್ಲಿ ರಸ್ತೆಯ ನಂಬರೂ ಬದಲಾಯಿತು, 4 ಹೋಗಿ 48. ನಮ್ಮ ಲೆಟರ್‌ಹೆಡ್ಡಿನಲ್ಲಿ ಇವತ್ತಿಗೂ ಎನ್‌ಎಚ್-4 ಅಂತಲೇ ಇದೆ, ಐನೂರು ಹಾಳೆ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇವಲ್ಲ.

ಅಮೆರಿಕದವರೂ ಇದನ್ನು ಅನುಭವಿಸಿದ್ದಾರೆ. ಅಲ್ಲಿ ಮೊದಲ ಮೋಟೆಲ್, ಅಂದರೆ ಕಾರಿನವರಿಗೆ ರಸ್ತೆ ಬದಿಯ ಲಾಡ್ಜು, 1925ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. 1956ರ ಕಾನೂನಿನಿಂದ ದೊಡ್ಡ ಹೆದ್ದಾರಿಗಳು ಬಂದವು, ಹಳೇ ರೂಟ್ 66ರ ಬದಿಯ ಸಣ್ಣ ಮೋಟೆಲುಗಳು ಒಂದೊಂದೇ ಮುಚ್ಚಿದವು. 1985ರಲ್ಲಿ ಆ ರಸ್ತೆಯನ್ನೇ ಪಟ್ಟಿಯಿಂದ ತೆಗೆದರು. ಹಾಗೆ ಸೊರಗಿದ ಎಷ್ಟೋ ಮೋಟೆಲುಗಳನ್ನು ಕೊಂಡು ನಡೆಸಿದವರು ನಮ್ಮ ಗುಜರಾತಿನ ಪಟೇಲರು. ಮನೆಮಂದಿಯೆಲ್ಲ ಅಲ್ಲೇ ಇದ್ದು, ತಾವೇ ಚಾದರ ಒಗೆದು. ನಮ್ಮ ಲಾಡ್ಜು ಕೊಳ್ಳಲು ಮಾತ್ರ ಯಾವ ಪಟೇಲರೂ ಬರಲಿಲ್ಲ!

ಇನ್ನೊಂದು ಪ್ರಸಂಗ ಹೇಳಬೇಕು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಏಪ್ರಿಲಿನಿಂದ ಜಾರಿ. ಸಣ್ಣ ಊರುಗಳಿಗೆ ಆಮೇಲೆ 220 ಮೀಟರ್ ಅಂತ ಸಡಿಲ ಮಾಡಿದರು. ನಮ್ಮಲ್ಲಿ ಎಂದೂ ಮದ್ಯ ಇರಲಿಲ್ಲ. ಬಾಜೂಕ ಒಂದು ಬಾರ್ ಇತ್ತು, ಅಜ್ಜ ಇದ್ದಾಗ ಅದರ ಕಡೆ ಮುಖ ಹಾಕಿ ಕೂರುತ್ತಲೂ ಇರಲಿಲ್ಲ. ಅದು ಮುಚ್ಚಿದಾಗ ಅಪ್ಪ ಖುಷಿಪಟ್ಟರು. ತಿಂಗಳಾಗುವಷ್ಟರಲ್ಲಿ ಗೊತ್ತಾಯಿತು, ನಮ್ಮ ರಾತ್ರಿ ಊಟದ ಗಿರಾಕಿಗಳಲ್ಲಿ ಎಷ್ಟು ಮಂದಿ ಅಲ್ಲಿಂದ ಎದ್ದು ಇಲ್ಲಿಗೆ ಬರುತ್ತಿದ್ದರು ಅಂತ. ಅಪ್ಪ ಈ ವಿಷಯ ಅಜ್ಜನ ಫೋಟೋದ ಮುಂದೆ ಮಾತಾಡುವುದಿಲ್ಲ.

2020ರ ಲಾಕ್‌ಡೌನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಉತ್ತರಕ್ಕೆ ಜನ ಇದೇ ರಸ್ತೆಯಲ್ಲಿ ನಡೆದುಕೊಂಡು ಹೋದರು. ನಿಲ್ಲಲೇಬೇಕಾದ ಜನ ಅಷ್ಟು ಯಾವತ್ತೂ ನಮ್ಮ ಮುಂದೆ ಹಾದುಹೋಗಿರಲಿಲ್ಲ. ಆದರೆ ಖೋಲಿಗೆ ಬೀಗ ಹಾಕಬೇಕು ಅಂತ ಆದೇಶ. ಅವ್ವ ರಸ್ತೆ ಬದಿಗೆ ನೀರು, ಚಿತ್ರಾನ್ನ ಇಟ್ಟರು. ಆ ತಿಂಗಳುಗಳಲ್ಲಿ ರಿಜಿಸ್ಟರು ಖಾಲಿ.

ಈಗ? ಮೂರು ಖೋಲಿ ಬಂದ್. ಒಂದರಲ್ಲಿ ಗೋವಿನಜೋಳದ ಚೀಲ. ಖಾನಾವಳಿ ಮಧ್ಯಾಹ್ನಕ್ಕೆ ಮಾತ್ರ. 2022ರ ಜುಲೈಯಲ್ಲಿ ಸಾವಿರ ರೂಪಾಯಿ ಒಳಗಿನ ರೂಮಿಗೂ ಜಿಎಸ್‌ಟಿ ಬಂತು ಅಂತ ದೊಡ್ಡ ಸುದ್ದಿಯಾಯಿತಲ್ಲ, ನಮಗೆ ಅದೂ ತಟ್ಟಲಿಲ್ಲ. ತಟ್ಟಬೇಕಾದರೆ ವರ್ಷದ ವಹಿವಾಟು 20 ಲಕ್ಷ ದಾಟಬೇಕು. ಉಳಿದ ಖೋಲಿಗಳಲ್ಲಿ ತಿಂಗಳ ಬಾಡಿಗೆಯವರಿದ್ದಾರೆ. ಯಾರು ಅಂತೀರಿ? ಮೇಲ್ಸೇತುವೆ ಕೆಲಸದ ಸರ್ವೆಯರುಗಳು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಇದನ್ನು ಹೋಂಸ್ಟೇ ಮಾಡಬಾರದೇಕೆ, ಒಂದನೇ ನಂಬರ್ ಖೋಲಿ ಚೆನ್ನಾಗಿದೆಯಲ್ಲ ಅಂತ ಒಬ್ಬರು ಕೇಳಿದರು. ಹೆದ್ದಾರಿಯ ಲಾರಿ ಸದ್ದಿನಲ್ಲಿ ಯಾರೂ ರಜೆ ಕಳೆಯಲು ಬರುವುದಿಲ್ಲ. ಕಲ್ಲಿನ ಗೋಡೆ ಬಿಸಿಲನ್ನು ತಡೆಯುತ್ತದೆ, ಹಾರ್ನನ್ನು ತಡೆಯುವುದಿಲ್ಲ.

ಇನ್ನೊಬ್ಬರು, ವಯಸ್ಸಾದವರು, ಹಿಂದಿನ ಸಾಲಿನಲ್ಲೇ ಕೂತು ಕೇಳಿದರು. ಆ ರಿಜಿಸ್ಟರು ಯಾರಿಗಾದರೂ ನೋಡಲು ಕೊಡುತ್ತೀರಾ, ಅದರಲ್ಲಿ ನಮ್ಮಂಥವರ ಹೆಸರೂ ಇರುತ್ತದಲ್ಲ ಅಂತ. ಸಭೆಯಲ್ಲಿ ನಗು ಎದ್ದಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಲಾಡ್ಜಿಗೆ ಬಂದವರೆಲ್ಲ ಮನೆಯಲ್ಲಿ ಹೇಳಿ ಬಂದವರಲ್ಲ. ನಾನು ಹಾಳೆಗಳ ಫೋಟೋ ತೆಗೆದು ಇಡುತ್ತಿದ್ದೇನೆ. ತೆಗೆಯುವಾಗ ಹೆಸರು ಮತ್ತು ಸಹಿಯ ಕಾಲಂ ಮೇಲೆ ಒಂದು ಪಟ್ಟಿ ಕಾಗದ ಇಡುತ್ತೇನೆ. ಎಲ್ಲಿಂದ, ಎಲ್ಲಿಗೆ, ಯಾಕೆ, ಇಷ್ಟು ಮಾತ್ರ ಕಾಣುತ್ತದೆ. ಅವರಿಗೆ ಹಾಗೇ ಹೇಳಿದೆ. ‘ಹಂಗಾದ್ರ ಅಡ್ಡಿಯಿಲ್ಲ’ ಅಂದರು. ಆಮೇಲೆ ಚಹಾ ಕುಡಿಯುವಾಗ ಹತ್ತಿರ ಬಂದು, ತಮ್ಮ ಪರಿಚಯದವರ ಹಳೇ ಲಾಡ್ಜೊಂದು ರಾಣೆಬೆನ್ನೂರಿನಲ್ಲಿದೆ, ಅದರ ಪುಸ್ತಕಗಳನ್ನು ರದ್ದಿಗೆ ಹಾಕುವವರಿದ್ದಾರೆ, ಬೇಕಾದರೆ ಈ ವಾರವೇ ಹೋಗಿ ತನ್ನಿ ಅಂತ ವಿಳಾಸ ಬರೆದುಕೊಟ್ಟರು.